ತೂಕದ ಉಪವಾಸ

ಗ್ಯಾರೆಟ್ ನೋವಾಕ್ ಉಸಿರನ್ನೆಲ್ಲ ಹೊರಹಾಕಿ, ಹೊಟ್ಟೆಯನ್ನು ಬೆನ್ನಿಗಂಟಿಸಿಕೊಂಡು ಮತ್ತೊಮ್ಮೆ ತಕ್ಕಡಿಯ ಮೇಲೆ ನಿಂತ. ಮುಳ್ಳು ಅವನ ಕುಸ್ತಿ ವರ್ಗದ ಗೆರೆಯ ಈಚೆಗೆ ಬರಲಿಲ್ಲ.

"ಇನ್ನೂ ಮುಕ್ಕಾಲು ಪೌಂಡ್ ಜಾಸ್ತಿ" ಎಂದರು ತೂಕ ನೋಡುವ ಅಧಿಕಾರಿ. "ಬಾಗಿಲು ಹಾಕೋಕೆ ಒಂದು ಗಂಟೆ ಇದೆ. ಇಳಿಸ್ಕೊಂಡು ಬಾ."

ಸಾಲಿನಲ್ಲಿ ಹಿಂದೆ ನಿಂತಿದ್ದ ಅದೇ ತಂಡದ ಡ್ವೇನ್ ನಕ್ಕ. "ಉಗಿಯೋ ಗ್ಯಾರೆಟ್! ನಿನ್ನ ಎಂಜಲಲ್ಲೇ ಅರ್ಧ ಪೌಂಡ್ ಇದೆ."

"ಉಗಿಯೋಕೆ ಬಾಯಲ್ಲಿ ಏನಾದ್ರೂ ಇರಬೇಕಲ್ಲೋ" ಎಂದ ಗ್ಯಾರೆಟ್. ಅವನ ತುಟಿಗಳು ಒಡೆದು ಬಿಳಿಚಿಕೊಂಡಿದ್ದವು.

ಕೋಚ್ ವೆಂಡೆಲ್ ಟೀಸನ್ ಬೆವರಿಳಿಸುವ ಪ್ಲಾಸ್ಟಿಕ್ ಅಂಗಿಯನ್ನು ಅವನ ಕೈಗಿತ್ತರು. ಕಾಲ್ಡರ್ ಊರಿನ ಹೈಸ್ಕೂಲಿನಲ್ಲಿ ಅವರು ಕುಸ್ತಿ ಕಲಿಸತೊಡಗಿದ ಮೇಲೆ ಅಪ್ಪಂದಿರು ಕಲಿತು ಹೋಗಿ ಅವರ ಮಕ್ಕಳು ಕಲಿಯಲು ಬಂದಿದ್ದರು. ಭಾನುವಾರ ಅದೇ ಹುಡುಗರಿಗೆ ಲೂಥರನ್ ಚರ್ಚಿನಲ್ಲಿ ಬೈಬಲ್ ಪಾಠವನ್ನೂ ಅವರೇ ಹೇಳುತ್ತಿದ್ದರು. ಅವರದೊಂದು ವ್ರತವಿತ್ತು. ತಂಡದಲ್ಲಿ ಒಬ್ಬನಾದರೂ ತೂಕಕ್ಕಾಗಿ ಹಸಿದಿದ್ದರೆ, ಅವನು ತಕ್ಕಡಿ ಇಳಿಯುವವರೆಗೆ ಕೋಚ್ ಬಾಯಿಗೆ ತುತ್ತು ಹಾಕುತ್ತಿರಲಿಲ್ಲ. ನಾನು ಮಾಡದ್ದನ್ನು ಹುಡುಗರಿಂದ ಕೇಳಬಾರದು ಎಂಬುದು ಅವರ ನಂಬಿಕೆ. ಹುಡುಗರಿಗೆ ಅದು ದೇವರ ಕೆಲಸದಂತೆ ಕಾಣುತ್ತಿತ್ತು. ಅಯೋವಾದ ಆ ಸೀಮೆಯಲ್ಲಿ ಕಾಲ್ಡರ್ ಹುಡುಗರಷ್ಟು ಹಸಿವು ತಡೆಯುವವರು ಇರಲಿಲ್ಲ.

ಹೆಂಡತಿ ವರ್ನಾ ಮಾತ್ರ ಗದರುತ್ತಿದ್ದಳು. "ದೇವರಿಗೋಸ್ಕರ ಹಸಿಯೋದು ಬೇರೆ, ತಕ್ಕಡಿಗೋಸ್ಕರ ಹಸಿಯೋದು ಬೇರೆ ಕಣ್ರೀ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಬೇಡಿ." ಹೋದ ಶರತ್ಕಾಲದಲ್ಲಿ ಅವಳನ್ನು ಮಣ್ಣು ಮಾಡಿದ್ದರು. ಆಮೇಲೆ ವೆಂಡೆಲ್‌ಗೆ ಉಪವಾಸ ಕಷ್ಟವೆನಿಸಲೇ ಇಲ್ಲ. ಖಾಲಿ ಮನೆಯಲ್ಲಿ ಒಲೆ ಹಚ್ಚುವ ಮನಸ್ಸೇ ಇರುತ್ತಿರಲಿಲ್ಲ.

ಶಾಲೆಯ ಕೆಳಗಿನ ಬಾಯ್ಲರ್ ಕೋಣೆಯಲ್ಲಿ ಗ್ಯಾರೆಟ್ ಹಗ್ಗ ಹಾರತೊಡಗಿದ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಕುಲುಮೆಯ ಬಿಸಿ. ಅವನ ತಾಯಿ ಲೋರೀನ್ ಬಾಗಿಲಲ್ಲಿ ನಿಂತಿದ್ದಳು. ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತ ಮೇಲೆ ಅವಳು ಹಂದಿ ಮಾಂಸದ ಕಾರ್ಖಾನೆಯಲ್ಲಿ ಚೂರಿ ಹಿಡಿದಿದ್ದಳು. ಇಂದು ಗೆದ್ದರೆ ಮಗ ರಾಜ್ಯ ಪಂದ್ಯಕ್ಕೆ ಹೋಗುತ್ತಾನೆ. ಅಲ್ಲಿ ಕುಸ್ತಿಪಟುಗಳಿಗೆ ವಿದ್ಯಾರ್ಥಿವೇತನ ಕೊಡುವ ಕಾಲೇಜಿನವರು ಅವನನ್ನು ನೋಡಲು ಬರುತ್ತಾರೆ. ಇಲ್ಲದಿದ್ದರೆ ಅವನ ಕೈಗೂ ಅದೇ ಚೂರಿ.

ಹಗ್ಗ ಕಾಲಿಗೆ ಸಿಕ್ಕಿತು. ಗ್ಯಾರೆಟ್ ಗೋಡೆಗೊರಗಿ ಕುಸಿದ. ವೆಂಡೆಲ್ ಅವನ ಅಂಗಿಯೊಳಗೆ ಕೈ ಹಾಕಿ ನೋಡಿದರು. ಚರ್ಮ ಬೆಂದ ರೊಟ್ಟಿಯಂತೆ ಸುಡುತ್ತಿತ್ತು. ಬೆವರಿನ ಹನಿಯೂ ಇರಲಿಲ್ಲ.

"ಅಪ್ಪಾ, ಟ್ರ್ಯಾಕ್ಟರ್ ನಿಲ್ಸು" ಎಂದ ಗ್ಯಾರೆಟ್, ಅವರ ಮುಖವನ್ನೇ ನೋಡುತ್ತ.

ವೆಂಡೆಲ್ ಬಾಗಿಲ ಕಡೆ ತಿರುಗಿದರು. "ಅಂಬುಲೆನ್ಸಿಗೆ ಹೇಳಮ್ಮ, ಓಡು!" ಎಂದು ಲೋರೀನ್‌ಗೆ ಕೂಗಿ, ಹುಡುಗನ ಪ್ಲಾಸ್ಟಿಕ್ ಅಂಗಿಯನ್ನು ಹರಿದರು. ಅವನನ್ನು ತಣ್ಣಗಿನ ಮೆಟ್ಟಿಲ ಬಳಿಗೆ ಎಳೆದುಕೊಂಡು ಹೋಗಿ, ಬಾಗಿಲು ತೆರೆದು, ಹಿಮ ಬಾಚಿ ಕುತ್ತಿಗೆಗೂ ಕಂಕುಳಿಗೂ ಒತ್ತಿದರು. ಹುಡುಗನಿಗೆ ಅರೆಬರೆ ಪ್ರಜ್ಞೆ ಬಂತು.

"ನೀರು ಕುಡಿ ಮಗಾ."

"ಬೇಡ. ತೂಕ ಏರುತ್ತೆ."

"ಏರ್ಲಿ. ತೂಕ ಮುಗೀತು."

"ಮುಗಿದಿಲ್ಲ! ದೇಹ ಸುಳ್ಳು ಹೇಳುತ್ತೆ, ನಿಲ್ಲು ಅನ್ನುತ್ತೆ, ನಂಬಬೇಡಿ ಅಂದೋರು ನೀವೇ ಅಲ್ವಾ ಕೋಚ್? ಯೇಸು ನಲವತ್ತು ದಿನ ಉಪವಾಸ ಇದ್ದ ಅಂದ್ರಿ."

"ತಕ್ಕಡಿ ಮೇಲೆ ನಿಲ್ಲೋಕೆ ಇರಲಿಲ್ಲ ಕಣೋ ಅವನು!" ವೆಂಡೆಲ್ ನೀರಿನ ಬಾಟಲಿಯನ್ನು ಅವನ ತುಟಿಗೆ ಒತ್ತಿದರು. "ನಿನ್ನ ದೇಹ ಸುಳ್ಳು ಹೇಳ್ತಿಲ್ಲ. ಸುಳ್ಳು ಹೇಳಿದ್ದು ನಾನು. ಕುಡಿಯೋ, ನಿನ್ನ ಕಾಲಿಗೆ ಬೀಳ್ತೀನಿ."

ಗ್ಯಾರೆಟ್ ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಕಲಿಸಿದ ಪಾಠ ಅಷ್ಟು ಗಟ್ಟಿಯಾಗಿತ್ತು. ಯಾವ ಮಾತಿಗೂ ಅದು ಬಗ್ಗುವಂತಿರಲಿಲ್ಲ. ವೆಂಡೆಲ್ ಸುತ್ತ ನೋಡಿದರು. ತೂಕವಾದ ಮೇಲೆ ತಿನ್ನಲೆಂದು ಯಾರೋ ತಂದ ಬಾಳೆಹಣ್ಣು ಮೆಟ್ಟಿಲ ಮೇಲಿತ್ತು. ಅವರು ಅದನ್ನು ಸುಲಿದು ಹುಡುಗನ ಕಣ್ಣೆದುರೇ ತಿಂದರು. ಕೊನೆಯ ತುಂಡನ್ನೂ ಬಿಡಲಿಲ್ಲ.

ತೂಕಕ್ಕೆ ಮುಂಚೆ ಕೋಚ್ ತಿಂದದ್ದನ್ನು ಯಾರೂ ನೋಡಿರಲಿಲ್ಲ. ಅವರು ತಿಂದರೆಂದರೆ ಗ್ಯಾರೆಟ್‌ನ ತೂಕ ಮುಗಿದಂತೆಯೇ. ಗ್ಯಾರೆಟ್ ಅವರನ್ನೇ ದಿಟ್ಟಿಸಿದ. ಅವನ ಮುಖ ಅಳುವಿಗೆ ಸೊಟ್ಟಗಾಯಿತು. ಕಣ್ಣೀರು ಮಾತ್ರ ಬರಲಿಲ್ಲ. ಬರಲು ದೇಹದಲ್ಲಿ ನೀರೇ ಇರಲಿಲ್ಲ.

"ನನ್ನ ಬಿಟ್ಟುಬಿಟ್ರಿ" ಎಂದ. ಬಾಯಿ ತೆರೆದಾಗ ವೆಂಡೆಲ್ ನೀರು ಹನಿಸಿದರು. ಎರಡು ಗುಟುಕು ಇಳಿಯಿತು. ಅಷ್ಟರಲ್ಲಿ ಅಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಮೈಯ ಕಾವು ಇಳಿಸಿದರು; ಮೂತ್ರ ಮಾತ್ರ ಬರಲಿಲ್ಲ. ಸಂಜೆಯೊಳಗೆ ಬರದಿದ್ದರೆ ಹುಡುಗನನ್ನು ದೊಡ್ಡ ಊರಿಗೆ ಸಾಗಿಸಿ, ರಕ್ತವನ್ನು ಯಂತ್ರದಲ್ಲಿ ಸೋಸಬೇಕು ಎಂದರು. ಹಾಸಿಗೆಯ ಪಕ್ಕದಲ್ಲಿ ಮೂತ್ರದ ಖಾಲಿ ಚೀಲ ತೂಗುತ್ತಿತ್ತು.

"ಪ್ರಾರ್ಥನೆ ಮಾಡಿ ಕೋಚ್" ಎಂದಳು ಲೋರೀನ್. "ಪ್ರತಿ ಕುಸ್ತಿಗೂ ಮಾಡ್ತೀರಲ್ಲ. ಈಗ್ಯಾಕೆ ಬಾಯಿಗೆ ಬೀಗ?"

ವೆಂಡೆಲ್ ಮೊಣಕಾಲೂರಿದರು. "ಕರ್ತನೇ" ಎಂದರು. ಇಷ್ಟು ವರ್ಷ ಕೇಳಿದ್ದು ಬಲವನ್ನು, ತಾಳ್ಮೆಯನ್ನು, ಗೆಲುವನ್ನು. ಒಬ್ಬ ಹುಡುಗನ ಮೂತ್ರವನ್ನು ಹೇಗೆ ಕೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಅದನ್ನೇ ಕೇಳಿದರು, ಮಗು ತಾಯಿಯನ್ನು ಕೇಳಿದ ಹಾಗೆ, ಮತ್ತೆ ಮತ್ತೆ.

ಕಿಟಕಿಯ ಬೆಳಕು ಸಣ್ಣದಾಗುವ ಹೊತ್ತಿಗೆ ನರ್ಸ್ ಬಗ್ಗಿ ಚೀಲವನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಕಡುಕಪ್ಪು ಕಾಫಿಯಂಥ ನಾಲ್ಕು ಹನಿ. "ಬರ್ತಾ ಇದೆ" ಎಂದಳು. ಲೋರೀನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು.

ಗ್ಯಾರೆಟ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವನು ತಾಯಿಯ ಕಿವಿಯಲ್ಲಿ ಏನೋ ಹೇಳಿದ. ಅವಳು ತಲೆ ತಗ್ಗಿಸಿಕೊಂಡು ವೆಂಡೆಲ್ ಬಳಿ ಬಂದಳು.

"ನಿಮ್ಮನ್ನ ನೋಡೋಕಾಗಲ್ಲ ಅಂತಿದಾನೆ ಕೋಚ್. ಬೇಜಾರು ಮಾಡ್ಕೋಬೇಡಿ. ಹೊರಡಿ."

"ಸರಿಯಮ್ಮ."

ಅವರು ಹೊರಡಲಿಲ್ಲ. ಕೋಣೆಯ ಆಚೆ, ಹುಡುಗನಿಗೆ ಕಾಣದ ಕಡೆ ಬೆಂಚಿನ ಮೇಲೆ ಕುಳಿತರು. ದೇವರು ಹುಡುಗನನ್ನು ಉಳಿಸಿಕೊಟ್ಟಿದ್ದ. ಆ ಹುಡುಗನ ಮನಸ್ಸಿನಲ್ಲಿ ತನಗಿದ್ದ ಜಾಗವನ್ನೂ ಉಳಿಸಿಕೊಡು ಎಂದು ಕೇಳುವ ಮುಖ ಅವರಿಗಿರಲಿಲ್ಲ.