ಬಾಗಿಲ ಬಳಿಯ ಚಾಪೆ

ಹಂಗಳ ದಾಟಿ ಕಾಡಿನ ಕಡೆಗೆ ತಿರುಗಿದರೆ ನಮ್ಮೂರು. ಅಲ್ಲಿ ಪ್ರಾರ್ಥನಾಮಂದಿರದ ಹಿಂದಿನ ಬೀದಿಯಲ್ಲಿ ನನ್ನ ಮನೆ, ಗೋಡೆಗೆ ಗೋಡೆ ಹೊಂದಿಕೊಂಡು ಪುಟ್ಟಬಸಮ್ಮನ ಮನೆ. ದೀಕ್ಷಾಸ್ನಾನ ಕೊಟ್ಟಾಗ ಆಕೆಗೆ ಸಾರಮ್ಮ ಎಂದು ಹೆಸರಿಟ್ಟಿದ್ದರಂತೆ. ಆ ಒಂದು ಭಾನುವಾರದವರೆಗೆ ಹಾಗೆ ಯಾರೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಬೆಳಗಾದರೆ ಆಕೆ ಮುದ್ದೆ ಕೋಲು ತಿರುಗಿಸುತ್ತ, ಬಾಯಲ್ಲಿ ಕೀರ್ತನೆ ಹೇಳುತ್ತ, ನಡುನಡುವೆ ಸೊಸೆ ಮಲ್ಲಿಗಮ್ಮನನ್ನು ಗದರುತ್ತ ಇರುತ್ತಿದ್ದಳು.

"ಅವರೆಕಾಯಿ ಸುಲೀತಿದ್ದೀಯೋ ಇಲ್ಲ ಎಣುಸ್ತಿದ್ದೀಯೋ ಅಮ್ಮಿ?"

"ಎಣುಸ್ತಾ ಇವ್ನಿ ಅತ್ತೆ, ಸಂಜಗ ನಿಮ್ಗ ಲೆಕ್ಕ ಒಪ್ಪುಸ್ತೀನಿ."

ಅತ್ತೆ ಗದರಿದಷ್ಟೂ ಸೊಸೆ ನಗುತ್ತಿದ್ದಳು. ಆ ನಗು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಮಗ ಜ್ಞಾನಪ್ಪ ಫಾರೆಸ್ಟ್ ಗಾರ್ಡು. ವಾರದ ಕೊನೆಗೆ ಬಂದರೆ ಇಬ್ಬರ ನಡುವೆ ಸುಮ್ಮನೆ ಕೂತು ಉಂಡು ಹೋಗುವ ಸಾಧು.

ಮೈಸೂರು ರಾಜ್ಯ ದೊಡ್ಡದಾಯಿತಲ್ಲ, ಆ ವರ್ಷವೇ ಮಲ್ಲಿಗಮ್ಮ ಗಂಡುಮಗು ಹೆತ್ತಳು. ತೊಟ್ಟಿಲು ಕಟ್ಟುವ ಮೊದಲೇ ಅದು ಜ್ವರ ಬಂದು ಹೋಯಿತು. ಮಣ್ಣು ಮಾಡಿ ಬಂದ ದಿನ ಆಕೆ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಅಳುವುದನ್ನೂ ಬಿಟ್ಟಳು. ತಲೆ ಬಾಚುವುದಿಲ್ಲ, ಕರೆದರೆ ಓಗೊಡುವುದಿಲ್ಲ. ತಟ್ಟೆಯ ಮುಂದೆ ಕೂತರೆ ಮುದ್ದೆ ಆರಿ ಕಲ್ಲಾದರೂ ಕೈ ಬಾಯಿಗೆ ಹೋಗುವುದಿಲ್ಲ.

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಯಾವ ಪುಣ್ಯಾತ್ಮ ತಂದನೋ ತಿಳಿಯದು, ದೇವರಂತೂ ತಂದದ್ದಲ್ಲ. ಭಾನುವಾರದ ಆರಾಧನೆಯಲ್ಲಿ ಒಬ್ಬೊಬ್ಬರೇ ಎದ್ದು, "ಕರ್ತನಲ್ಲಿ ನನಗೆ ಸಂತೋಷವಿದೆ" ಎಂದು ಸಾಕ್ಷಿ ಹೇಳಬೇಕು. ಹೇಳಲಾರದವರಲ್ಲಿ ಮುಚ್ಚಿಟ್ಟ ಪಾಪವಿದೆ ಎಂದು ಅರ್ಥ. ಅಂಥವರು ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದಲ್ಲಿ ಹಾಸಿದ ಈಚಲು ಚಾಪೆಯ ಮೇಲೆ ಕೂರಬೇಕು. ಸಾಕ್ಷಿ ಹೇಳುವ ತನಕ ಪ್ರತಿ ಶನಿವಾರ ಉಪವಾಸ, ಪ್ರತಿ ಭಾನುವಾರ ಆ ಚಾಪೆ.

ಮಗು ಹೋದ ಮೇಲೆ ಒಂದು ಭಾನುವಾರ ತನ್ನ ಸರದಿಗೆ ಮಲ್ಲಿಗಮ್ಮ ಎದ್ದು ನಿಂತಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಉಪದೇಶಿ ರಾಚಯ್ಯ ಬಾಗಿಲ ಕಡೆಗೆ ಬೆರಳು ತೋರಿಸಿದ. ಮಗು ಸತ್ತ ತಾಯಿ ಹೋಗಿ ಊರಿನವರ ಚಪ್ಪಲಿಗಳ ಪಕ್ಕ ಕೂತಳು. ಆಚೆ ಹೋಗುವ ಹೆಂಗಸರು ಸೆರಗು ತಾಗದಂತೆ ಎತ್ತಿ ಹಿಡಿದುಕೊಂಡರು. ಪ್ರೀತಿಯ ಧರ್ಮ ಎಂದು ಬೀದಿಬೀದಿಯಲ್ಲಿ ಸಾರುವ ಜನ!

ಶನಿವಾರ ಮಧ್ಯಾಹ್ನ ರಾಚಯ್ಯ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಮನೆಗೇ ಬರುತ್ತಿದ್ದ. ಮೂವರೂ ಆಕೆಯ ತಲೆಯ ಮೇಲೆ ಕೈಯಿಟ್ಟು ಒತ್ತಿ, "ಬಿಟ್ಟು ತೊಲಗು! ಬಿಟ್ಟು ತೊಲಗು!" ಎಂದು ಒಳಗಿನ ದೆವ್ವಕ್ಕೆ ಕೂಗುತ್ತಿದ್ದರು. ಆಕೆಯ ಕತ್ತು ಬಾಗಿ ಗದ್ದ ಎದೆಗೆ ತಾಗುತ್ತಿತ್ತು. ಕೂಗಾಟ ಮುಗಿದ ಮೇಲೆ ಅದೇ ನಡುಮನೆಯಲ್ಲಿ ಮೂವರಿಗೂ ಊಟ. ಪ್ರಾರ್ಥನೆ ಮಾಡಿದವರಿಗೆ ನಾಟಿ ಕೋಳಿ ಸಾರು, ಕಾಯಿಲೆಯವಳಿಗೆ ಉಪವಾಸ. ಒಂದು ಶನಿವಾರ ಗೋಡೆಗೊರಗಿ ಬಿದ್ದವಳ ಎದುರಿಗೇ ರಾಚಯ್ಯ ಮೂಳೆ ಚೀಪಿ, "ಒಸಿ ಸಾರು ಬುಡವ್ವ" ಎಂದು ತಟ್ಟೆ ಮುಂದೆ ಮಾಡಿದ. ಥೂ!

ಆ ದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ತಡೆಯಲಾರದೆ ಒಳಗೆ ಹೋದೆ.

"ಉಣ್ಣದೆ ಕಡ್ಡಿಯಾದವಳಿಗೆ ಇನ್ನೂ ಉಪವಾಸವೇ, ಉಪದೇಶಿಗಳೇ? ನಾನು ಚಾಮರಾಜನಗರಕ್ಕೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಿದ್ದೇನೆ. ಹೆತ್ತ ಮೇಲೆ, ಮಗು ಹೋದ ಮೇಲೆ, ಮನಸ್ಸು ಹೀಗೆ ಕುಸಿಯುವುದುಂಟಂತೆ. ಇದು ಕಾಯಿಲೆ."

"ಟೀಚರಮ್ಮ, ಅಆಇಈ ನಿಮ್ದು, ಆತ್ಮದ ಇಚಾರ ನಮ್ದು. ದುಕ್ಕ ಅನ್ನೋದೇ ಅವಿಸ್ವಾಸ."

"ಹಾಗಾದರೆ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂದ ಪ್ರವಾದಿ ಅವಿಶ್ವಾಸಿಯೋ? ದೇವದೂತ ಬಂದು ಅವನ ತಲೆ ಒತ್ತಿದನೋ? ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಿ ಎದ್ದ ಮೇಲೆ ಮತ್ತೆ ತಿನ್ನು ಅಂದ. ಇದನ್ನು ಬೈಬಲಿನಿಂದ ನಮಗೆ ಓದಿ ಹೇಳಿದವರು ನೀವೇ!"

"ಅವ್ರು ಪ್ರವಾದಿ. ಇವ್ಳು ಯಾರು?" ಎಂದ ರಾಚಯ್ಯ, ಕೈ ತೊಳೆಯುತ್ತ.

ನಾನು ಪುಟ್ಟಬಸಮ್ಮನ ಮುಖ ನೋಡಿದೆ. ಆಕೆ ನನ್ನನ್ನೇ ಬಾಗಿಲಿಗೆ ದಬ್ಬಿಕೊಂಡು ಬಂದಳು.

"ನೀವು ಸುಮ್ಕ ಇರಿ ಟೀಚರಮ್ಮ. ಮನೆ ದ್ಯಾವ್ರ ಬುಟ್ಟು ಓದ್ರು, ಅದ್ಕೇ ಸೊಸಗ ಹುಚ್ಚು ಹಿಡೀತು ಅಂತ ನಮ್ಮ ಹಳೇ ನೆಂಟ್ರು ಸಂತೆಮರಹಳ್ಳಿ ಸಂತೇಲಿ ನಿಂತು ಆಡ್ಕತಾವ್ರ. ಸಭೆನೂ ಕೈ ಬುಟ್ರ ನಾವು ಎಲ್ಲಿಗ ಓಗನ?"

ಇದು ನೋಡಿ ರೋಗದ ಬೇರು. ಹಳೆಯ ಜನ ನಗುತ್ತಾರೆಂಬ ಭಯಕ್ಕೆ ಹೊಸ ಜನ ನಗುಮುಖದ ಮುಖವಾಡ ತೊಟ್ಟು ಕೂತಿದ್ದರು. ಅದನ್ನು ತೊಡಲಾರದವಳನ್ನು ಬಾಗಿಲಿಗೆ ನೂಕಿದ್ದರು. ಜ್ಞಾನಪ್ಪ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ನನಗೆ ಅವನ ಮೇಲೂ ಸಿಟ್ಟು ಬಂತು.

ಅದರ ಮುಂದಿನ ಶನಿವಾರ ಪುಟ್ಟಬಸಮ್ಮ ಉಪದೇಶಿಗಾಗಿ ಮಸಾಲೆ ಅರೆಯುತ್ತಿದ್ದಳು. ತಲೆ ಎತ್ತಿದರೆ ಸೊಸೆ ಗೋಡೆಯ ಬಳಿ ಇರಲಿಲ್ಲ. ಅತ್ತೆ ಹಿತ್ತಿಲಿಗೆ ಓಡಿ ನೋಡಿದರೆ ಬಾವಿಯ ಕಟ್ಟೆಯ ಮೇಲೆ ಒಳಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಅತ್ತೆಯ ಕೂಗು ಕೇಳಿ ನಾನು ಹೋಗುವಷ್ಟರಲ್ಲಿ ಆಕೆ ಹಿಂದಿನಿಂದ ಸೊಸೆಯನ್ನು ತಬ್ಬಿಕೊಂಡು ಹಿಂದಕ್ಕೆ ಎಳೆದಿದ್ದಳು. ಇಬ್ಬರೂ ಮಣ್ಣಿನಲ್ಲಿ ಬಿದ್ದಿದ್ದರು.

"ಯಾಕ ಮಗಾ? ಯಾಕ?" ಎಂದು ಆಕೆ ಕೆನ್ನೆ ಸವರಿದರೆ, ಮಲ್ಲಿಗಮ್ಮ ಎಷ್ಟೋ ದಿನಗಳ ಮೇಲೆ ಬಾಯಿ ಬಿಟ್ಟಳು.

"ಅತ್ತೆ, ಇನ್ನೊಂದು ಬಾನ್ವಾರ ನನ್ ಕೈಲಿ ಆಗಕ್ಕಿಲ್ಲ."

ಪುಟ್ಟಬಸಮ್ಮ ಆಕೆಯನ್ನು ಎತ್ತಿಕೊಂಡೇ ಒಳಗೆ ಹೋದಳು. ರಾಚಯ್ಯ ಬಂದಾಗ ಬಾಗಿಲು ಹಾಕಿತ್ತು. ಬಡಿದು ಬಡಿದು, ಸಾರಿನ ವಾಸನೆಯೂ ಸಿಗದೆ ಹೊರಟುಹೋದ.

ಭಾನುವಾರ ಸೊಸೆಯನ್ನು ಮನೆಯಲ್ಲೇ ಮಲಗಿಸಿ, ಜ್ಞಾನಪ್ಪನನ್ನು ಹತ್ತಿರ ಕೂರಿಸಿ, ಪುಟ್ಟಬಸಮ್ಮ ಒಬ್ಬಳೇ ಆರಾಧನೆಗೆ ಬಂದಳು. ಸಾಕ್ಷಿ ಹೇಳುವುದರಲ್ಲಿ ಆಕೆಯೇ ಎಲ್ಲರಿಗಿಂತ ಮೊದಲು. ರಾಚಯ್ಯ ರೂಢಿಯಂತೆ ಆಕೆಯ ಕಡೆ ತಿರುಗಿದ. ಆಕೆ ಎದ್ದು ನಿಂತಳು.

"ನಂಗ ಸಂತೋಸ ಇಲ್ಲ ಕಣ್ರಪ್ಪ," ಎಂದಳು. "ನನ್ನ ಮೊಮ್ಮಗ ಮಣ್ಣಲ್ಲಿ ಅದ. ನನ್ನ ಸೊಸ ನಿನ್ನೆ ಬಾವೀಲಿ ಇರ್ಬೇಕಿತ್ತು, ದ್ಯಾವ್ರು ತಡದ. ನಾನು ಇಸ್ಟು ವಾರ ಸಂತೋಸ ಅದ ಅಂದದ್ದೆಲ್ಲ ಸುಳ್ಳು. ಇನ್ನು ಅವ್ನ ಮುಂದ ಸುಳ್ ಯೋಳಕ್ಕಿಲ್ಲ."

"ಸಾರಮ್ಮ!" ಎಂದು ರಾಚಯ್ಯ ಗುಡುಗಿದ. "ಮಾತು ಇಂದಕ್ಕ ತಕ್ಕೊ. ಇಲ್ಲಾಂದ್ರ ಚಾಪಗ ಓಗು."

"ಓಯ್ತೀನಿ. ನೀನು ಯೋಳದೇ ಬ್ಯಾಡ."

ಆಕೆ ನಡೆದು ಹೋಗಿ ಚಪ್ಪಲಿಗಳನ್ನು ಕಾಲಿಂದ ಸರಿಸಿ ಚಾಪೆಯ ಮೇಲೆ ಕಾಲು ಚಾಚಿ ಕೂತಳು. ನಾನೂ ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಬೇರೆ ಯಾರೂ ಏಳಲಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ಅಂದು ಸಾಕ್ಷಿಯ ಸರದಿ ಮುಂದೆ ಸಾಗಲಿಲ್ಲ. ರಾಚಯ್ಯ ಕರೆದ ಹೆಂಗಸರು ನೆಲ ನೋಡುತ್ತ ಕೂತೇ ಇದ್ದರು. ಕೊನೆಗೆ ಅವನೇ ಒಂದು ಕೀರ್ತನೆ ಶುರುಮಾಡಿ ಒಬ್ಬನೇ ಹಾಡಿದ.

ಸೋಮವಾರ ಜ್ಞಾನಪ್ಪ ಹೆಂಡತಿಯನ್ನು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಕರೆದುಕೊಂಡು ಹೋದ. ಔಷಧಿ, ಊಟ, ನಿದ್ದೆ, ಒಬ್ಬಳನ್ನೇ ಬಿಡದಿರುವುದು: ಡಾಕ್ಟರು ಹೇಳಿದ್ದು ಇಷ್ಟು. ಬೀದಿಯ ಇಬ್ಬರು ಮೂವರು ಹೆಂಗಸರು ಕದ್ದುಮುಚ್ಚಿ ಗಂಜಿ ತಂದರು, ಆಮೇಲೆ ಹಗಲಲ್ಲೇ ತಂದರು. ಪುಟ್ಟಬಸಮ್ಮ ರಾತ್ರಿ ಮಲಗುವಾಗ ಸೊಸೆಯ ತಲೆ ನೇವರಿಸುತ್ತ ಮೆಲ್ಲಗೆ ಪ್ರಾರ್ಥನೆ ಮಾಡುತ್ತಿದ್ದಳು. ಆ ತಲೆಯ ಮೇಲೆ ಮತ್ತೆ ಯಾರೂ ಕೈ ಒತ್ತಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಮಲ್ಲಿಗಮ್ಮ ತಾನಾಗಿಯೇ ಮಂದಿರಕ್ಕೆ ಬಂದಳು. ಹೆಂಗಸರ ನಡುವೆ, ಅತ್ತೆಗೆ ಒತ್ತಿಕೊಂಡು ಕೂತಳು. ರಾಚಯ್ಯ ನೋಡಿಯೂ ನೋಡದವನಂತೆ ಇದ್ದ. ಆಕೆಯೇ ಎದ್ದು ನಿಂತು, ಯಾರಿಗೂ ಅಂಜದೆ, "ನಂಗ ಇವತ್ತೂ ಚೆನ್ನಾಗಿಲ್ಲ," ಎಂದಳು.

ಸಭೆಯೆಲ್ಲ ಬಾಗಿಲ ಕಡೆ ನೋಡಿತು.

ಪುಟ್ಟಬಸಮ್ಮ ಸೊಸೆಯ ಸೆರಗು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಅಂದಳು:

"ಆಗ್ಲಿ ಬುಡು ಮಗಾ. ಬರೋವಾಗ ಒಸಿ ಏನಾದ್ರೂ ಉಂಡ್ಯಾ?"