ಕಿಟಕಿ ಕಡೆಯ ಕೆನ್ನೆ

ಡ್ರೈವಿಂಗ್ ಸ್ಕೂಲಿನ ಮೇಡಂ ಎಂದರೆ ಆ ಬೀದಿಗೆಲ್ಲ ಪರಿಚಯ. ಕಲಿಯುವವರ ಪಕ್ಕದ ಸೀಟಿನಲ್ಲಿ ಗಾಜು ಇಳಿಸಿ ಕೂತು, ಅವರು ಮಾಡುವ ಅನಾಹುತಕ್ಕೆಲ್ಲ ತನ್ನ ಕಾಲಡಿಯ ಬ್ರೇಕು ಒತ್ತುತ್ತ ವರ್ಷಗಟ್ಟಲೆ ಕಳೆದವಳು. ಅಷ್ಟೂ ವರ್ಷದ ಬಿಸಿಲು ಬಿದ್ದದ್ದು ಒಂದೇ ಕೆನ್ನೆಗೆ, ಅಲ್ಲೆಲ್ಲ ಕಂದು ಕಲೆ. "ಈ ಕಡೆಯಿಂದ ನೋಡಿದ್ರೆ ತಂಗಿ, ಆ ಕಡೆಯಿಂದ ನೋಡಿದ್ರೆ ಅವಳ ಅಕ್ಕ" ಎಂದು ಮನೆಯಲ್ಲಿ ಅತ್ತೆ ಚುಡಾಯಿಸುತ್ತಿದ್ದರು.

ಮೇಡಂ ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ, ಪೌಡರ್ ಬಳಿದು ಹೊರಟುಬಿಡುತ್ತಿದ್ದಳು. ಆದರೆ ಸ್ಕೂಲಿನ ಹೊಸ ಬೋರ್ಡಿಗೆ ಅವಳ ಫೋಟೋ ಹಾಕಿಸುತ್ತೇವೆಂದು ಮಾಲೀಕರು ಹೇಳಿದ್ದೇ ತಡ, ಕಲೆಗಳ ಚಿಂತೆ ಹತ್ತಿತು. ಎದುರು ಮನೆಯ ಪಾರ್ಲರಿನವಳು ಧೈರ್ಯ ಕೊಟ್ಟಳು: "ಹೊಸ ಲೈಟ್ ಮಷೀನ್ ತಂದಿದ್ದೀನಿ. ನಾಳೆ ಬನ್ನಿ, ಎಲ್ಲಾ ಸುಟ್ಟು ತೆಗೀತೀನಿ."

ಅತ್ತೆ ಮೂಗು ಮುರಿದರು. "ಬಿಸಿಲಲ್ಲಿ ಬೆಂದ ಕೆನ್ನೆಗೆ ಇನ್ನೊಂದಿಷ್ಟು ಬೆಳಕಾ? ಸುಟ್ಟ ಬಟ್ಟೆಗೆ ಮತ್ತೆ ಇಸ್ತ್ರಿ ಹಾಕಿದ ಹಾಗೆ."

ಅವತ್ತು ಸಂಜೆ ಕಾರು ಕಲಿಯಲು ಬಂದವಳು ಆಸ್ಪತ್ರೆಯ ನರ್ಸ್. ಮೇಡಂ ಕೂತ ಬದಿಯ ಸೈಡ್ ಮಿರರನ್ನು ಅವಳು ತಪ್ಪಾಗಿ ತಿರುಗಿಸಿಕೊಂಡಿದ್ದರಿಂದ ಹಿಂದಿನ ರಸ್ತೆಯ ಬದಲು ಮೇಡಂನ ಕಿಟಕಿ ಕಡೆಯ ಕೆನ್ನೆ ಕಂಡಿತು. ನೋಡುತ್ತ ನೋಡುತ್ತ ಕಾರನ್ನು ಮೋರಿಯ ಕಡೆ ವಾಲಿಸಿದಳು. ಮೇಡಂ ಬ್ರೇಕು ಒತ್ತಿದಳು.

"ಸಿಸ್ಟರ್, ರಸ್ತೆ ನೋಡಿ. ನನ್ನ ಮುಖದಲ್ಲೇನಿದೆ?"

"ಅದನ್ನೇ ಕೇಳೋಣ ಅಂತಿದ್ದೆ ಮೇಡಂ. ಕಿವಿ ಹತ್ರ ಪೌಡರ್ ಕೆಳಗೆ ಹಕ್ಕಳೆ ಕಟ್ಟಿದೆಯಲ್ಲ, ಯಾವಾಗಿಂದ?"

"ಒಣ ಚರ್ಮ ಅಷ್ಟೆ. ಉದುರುತ್ತೆ, ಮತ್ತೆ ಬರುತ್ತೆ. ಒರೆಸಿದ್ರೆ ಒಂದೊಂದ್ಸಲ ರಕ್ತ ಬರುತ್ತೆ. ನಾಳೆ ಹೇಗೂ ಸುಟ್ಟು ತೆಗೀತಾರೆ."

ನರ್ಸ್ ಇಂಜಿನ್ ಆಫ್ ಮಾಡಿದಳು. "ದಯವಿಟ್ಟು ಹಾಗೆ ಮಾಡ್ಬೇಡಿ. ಏನು ಅಂತ ಗೊತ್ತಿಲ್ದೆ ಸುಟ್ರೆ ಮೇಲಿಂದು ಹೋಗುತ್ತೆ, ಒಳಗಿಂದು ಉಳಿದುಬಿಡುತ್ತೆ. ಮಾಯದ ಗಾಯ ಕ್ಯಾನ್ಸರಿನ ಶುರುವೂ ಆಗಿರಬಹುದು. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ."

ಮೇಡಂ ಪೌಡರ್ ಒರೆಸಿ ಕನ್ನಡಿಯಲ್ಲಿ ಆ ಜಾಗ ನೋಡಿಕೊಂಡಳು. ಮರುದಿನ ಪಾರ್ಲರಿಗೆ ಹೋಗದೆ ಅತ್ತೆಯ ಜೊತೆ ಆಸ್ಪತ್ರೆಗೆ ಹೋದಳು. ಡಾಕ್ಟರು ಭೂತಗನ್ನಡಿಯಲ್ಲಿ ನೋಡಿ, ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಅತ್ತೆ ಸೊಸೆ ಇಬ್ಬರಿಗೂ ಊಟ ಸೇರಲಿಲ್ಲ.

"ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರು. "ಬಿಸಿಲಿಗೆ ಕೆಟ್ಟ ಚರ್ಮ. ಹಾಗೇ ಬಿಟ್ಟಿದ್ರೆ ಮುಂದೆ ಆಗಬಹುದಿತ್ತು. ಬೆಳಕಿನ ಚಿಕಿತ್ಸೆ ಕೊಡ್ತೀವಿ."

"ಅಲ್ಲೂ ಬೆಳಕು, ಇಲ್ಲೂ ಬೆಳಕು. ಏನು ವ್ಯತ್ಯಾಸ ಡಾಕ್ಟ್ರೇ?" ಅತ್ತೆ ಬಿಡಲಿಲ್ಲ.

"ಇದು ಅಳತೆಯ ಬೆಳಕಮ್ಮ. ಮೊದಲು ಮುಲಾಮು ಹಚ್ಚಿ ಕಾಯ್ತೀವಿ. ಕೆಟ್ಟ ಕಣಗಳು ಅದನ್ನ ಹೆಚ್ಚು ಹೀರ್ಕೊಳ್ತವೆ. ಆಮೇಲೆ ಕೆಂಪು ಬೆಳಕು ಬಿಟ್ರೆ ಅವು ಸಾಯ್ತವೆ. ಉರಿಯುತ್ತೆ, ಸುಳ್ಳು ಹೇಳಲ್ಲ. ಕಂದು ಕಲೆಗಳಿಗೆ ಬೇರೆ ಬೆಳಕಿದೆ, ಅದು ಆಮೇಲೆ. ಚರ್ಮದ ಬಣ್ಣ ನೋಡಿ ಅಳತೆ ಇಡ್ಬೇಕು. ತಪ್ಪಿದ್ರೆ ಬೊಬ್ಬೆ ಬರುತ್ತೆ, ಕಲೆ ಇನ್ನೂ ಕಪ್ಪಾಗುತ್ತೆ."

ಚಿಕಿತ್ಸೆಯಾದ ಮೇಲೆ ಕೆನ್ನೆ ಕೆಂಪೇರಿತು, ಸಿಪ್ಪೆ ಎದ್ದಿತು. ಡಾಕ್ಟರು ಬಿಸಿಲಿಗೆ ಹೋಗಬಾರದೆಂದಿದ್ದರೂ ಮೇಡಂ ಕಾರಿನ ಕೀ ಹುಡುಕಿದಳು. "ನಿನ್ನ ಕಾರು ಎಲ್ಲಿಗೂ ಓಡಿ ಹೋಗಲ್ಲ" ಎಂದು ಅತ್ತೆ ಬಾಗಿಲಿಗೆ ಅಡ್ಡ ಕೂತರು. ಕೆಲವು ವಾರಕ್ಕೆ ಹಕ್ಕಳೆ ಇದ್ದ ಜಾಗ ನುಣ್ಣಗಾಯಿತು. ಮರುಪರೀಕ್ಷೆಯಲ್ಲಿ ಡಾಕ್ಟರು ವಾಸಿಯಾಗಿದೆ ಎಂದು ನಕ್ಕರು.

ಅವತ್ತು ಅತ್ತೆ ನೇರ ಎದುರು ಮನೆಗೆ ಹೋದರು. "ಇನ್ಮೇಲೆ ಯಾರಾದ್ರೂ ಕಲೆ ಸುಡಿಸ್ಕೊಳ್ಳೋಕೆ ಬಂದ್ರೆ ಮೊದಲು ಆಸ್ಪತ್ರೆಗೆ ಕಳಿಸು. ನನ್ನ ಸೊಸೆ ಕೈತಪ್ಪಿ ಹೋಗ್ತಿದ್ಲು ಕಣೇ" ಎಂದರು. ಅಷ್ಟು ದಿನ ತಡೆದಿದ್ದ ಅಳು ಬಂತು. ಪಾರ್ಲರಿನವಳು ಅವರ ಕೈ ಹಿಡಿದುಕೊಂಡು, "ಆಗಲಿ ಅಮ್ಮ, ಕಳಿಸ್ತೀನಿ" ಎಂದಳು.

ಬಿಸಿಲಲ್ಲಿ ದುಡಿಯುವ ಅಕ್ಕಂದಿರೇ, ಅಣ್ಣಂದಿರೇ, ಮುಖ, ಕಿವಿ, ಕತ್ತು, ಕೈಯಲ್ಲಿ ಮಾಯದ ಗಾಯವೋ, ಒರಟು ಕಲೆಯೋ, ಬಣ್ಣ ಬದಲಿಸುವ ಮಚ್ಚೆಯೋ ಇದ್ದರೆ ಮುಚ್ಚಿಡಬೇಡಿ. ನಿಮ್ಮ ಕಣ್ಣಿಗೆ ಕಾಣದ ಜಾಗವನ್ನು ಮನೆಯವರು ನೋಡಲಿ. ಟೋಪಿ, ಸೆರಗು, ಸನ್‌ಸ್ಕ್ರೀನ್ ಯಾವುದಾದರೂ ಸರಿ, ಬಿಸಿಲಿಗೆ ಅಡ್ಡ ಇರಲಿ. ಬೆಳಕಿನ ಚಿಕಿತ್ಸೆಗೆ ಹೆದರಬೇಡಿ. ಮೊದಲು ಡಾಕ್ಟರ ಕಣ್ಣು ಬೀಳಲಿ, ಮಷೀನಿನ ಬೆಳಕು ಆಮೇಲೆ ಬೀಳಲಿ. ನಿಮ್ಮನ್ನು ನೆಚ್ಚಿಕೊಂಡವರು ಮನೆಯಲ್ಲಿದ್ದಾರೆ.