ಕಿಟಕಿ ಕಡೆಯ ದನಿ

"ಅತ್ತೆ, ಟಾರ್ಚ್ ಇನ್ನೂ ಸ್ವಲ್ಪ ಕೆಳಗೆ ಹಿಡೀರಿ. ಇನ್ನೂ ಸ್ವಲ್ಪ. ಹಾಂ, ಅಲ್ಲೇ ಇರಲಿ."

ಅಳಿಯ ಸೊಂಟದವರೆಗೂ ಕಪಾಟಿನ ಹಿಂದಿನ ಸಂದಿಗೆ ತೂರಿಕೊಂಡಿದ್ದ. ಹೊರಗೆ ಉಳಿದದ್ದು ಎರಡು ಕಾಲು ಮತ್ತು ಹಿಮ್ಮಡಿಯಲ್ಲಿ ತೂತು ಬಿದ್ದ ಕಾಲುಚೀಲ. ಕಪಾಟಿನ ಆಚೆ ಈಚೆ ನಿಂತಿದ್ದ ಸೊಂಟದೆತ್ತರದ ಸ್ಪೀಕರ್‌ಗಳೆರಡೂ ಒಂದೇ ಸಮನೆ ಗುಂಯ್ ಅನ್ನುತ್ತಿದ್ದವು.

"ಹಾಡು ಬರುತ್ತೆ ಅಂದಿದ್ರಿ. ಇದೇನು ಅಳಿಯಂದ್ರೆ, ಜೇನುಗೂಡಿಗೆ ಕಲ್ಲು ಹೊಡೆದ ಹಾಗಿದೆ?" ಅಂದಳು ಆಪರೇಟರಮ್ಮ.

ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ಅವಳು. ನಿವೃತ್ತಿಯಾಗಿ ಹನ್ನೊಂದು ವರ್ಷವಾಗಿದ್ದರೂ ಬೀದಿಯವರ ಪಾಲಿಗೆ ಇನ್ನೂ ಆಪರೇಟರಮ್ಮನೇ. ಅತ್ತ ಕಡೆಯವರು ಹಲೋ ಅನ್ನುವ ಮೊದಲೇ, ಅವರು ಉಸಿರೆಳೆದುಕೊಂಡ ರೀತಿಯಲ್ಲೇ ಯಾರೆಂದು ಹೇಳಿಬಿಡುತ್ತಿದ್ದಳಂತೆ. ಅಳಿಯ ಲಿಫ್ಟ್ ಮೆಕ್ಯಾನಿಕ್. ವಾರವೆಲ್ಲ ಊರಿನ ಲಿಫ್ಟುಗಳ ನೆತ್ತಿಯ ಮೇಲೆ ಕೂತು ಗ್ರೀಸು ಮೆತ್ತಿಕೊಳ್ಳುವ ಅವನು ಭಾನುವಾರ ಬಂತೆಂದರೆ ಈ ಹಳೆಯ ಆಂಪ್ಲಿಫಯರಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ.

ಸ್ವಲ್ಪ ಹೊತ್ತಿಗೆ ಅವನು ಕೂದಲ ತುಂಬ ಜೇಡರಬಲೆ ಹೊತ್ತು ಹೊರಗೆ ಬಂದ. ಕಂಪ್ಯೂಟರಿನದೂ ಆಂಪ್ಲಿಫಯರಿನದೂ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ಸಿಕ್ಕಿಸಿದ. ಗುಂಯ್ ಅನ್ನುವುದು ಕತ್ತರಿಸಿದ ಹಾಗೆ ನಿಂತುಹೋಯಿತು.

"ನೋಡಿ ಅತ್ತೆ, ಕಂಪ್ಯೂಟರ್ ಒಳಗೆ ಇರೋದು ಬರೀ ಅಂಕಿ. ಅದನ್ನ ದನಿ ಮಾಡೋದು ಈ ಪೆಟ್ಟಿಗೆ." ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಿದ್ದ ಕಪ್ಪು ಪೆಟ್ಟಿಗೆಯನ್ನು ಅವನು ಬೆರಳಲ್ಲಿ ತಟ್ಟಿದ. "ಇದರಿಂದ ಕೆಂಪು, ಬಿಳಿ ಎರಡು ವೈರು ಆಂಪ್ಲಿಫಯರಿಗೆ ಹೋಗುತ್ತೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಫೋನಲ್ಲಿ ಕೇಳ್ತೀವಲ್ಲ, ಅದು ರಸ ಹಿಂಡಿದ ಮೇಲೆ ಉಳಿದ ಸಿಪ್ಪೆ. ಇದು ಇಡೀ ಹಣ್ಣು. ನೀವು ಮೇಳದಲ್ಲಿ ಹಾಡಿದ್ರಲ್ಲ, ಆ ಹಾಡು, ಸ್ಟುಡಿಯೋದಲ್ಲಿದ್ದ ಮೂಲ ಟೇಪಿಂದಲೇ ಮಾಡಿರೋ ಪ್ರತಿ. ಆ ಟೇಪಲ್ಲಿ ಏನೇನಿತ್ತೋ ಅಷ್ಟೂ ಇದೆ."

ಆ ಕೊನೆಯ ಮಾತಿಗೆ ಅತ್ತೆ ಟಾರ್ಚು ಆರಿಸಿದಳು.

ಆ ಟೇಪಿನಲ್ಲಿ ಏನಿತ್ತು ಎಂಬುದು ಅವಳಿಗೆ ನಲವತ್ತೊಂದು ವರ್ಷದಿಂದ ಗೊತ್ತಿತ್ತು. ದೊಡ್ಡ ಗಾಯಕಿಯೊಬ್ಬರ ಹಿಂದೆ ನಿಂತು ಹಾಡಿದ ಆರು ಹೆಂಗಸರಲ್ಲಿ ಅವಳೂ ಒಬ್ಬಳು. ಹಾಡು ಬಹಳ ಹೆಸರು ಮಾಡಿತು. ಆದರೆ ಮೊದಲ ಚರಣ ಮುಗಿಯುವಲ್ಲಿ, ಆರೂ ಜನ ಒಟ್ಟಿಗೆ ಎತ್ತಿಕೊಳ್ಳಬೇಕಾದ ಜಾಗದಲ್ಲಿ, ಒಂದು ದನಿ ಅರೆಗಳಿಗೆ ಮೊದಲೇ ನುಗ್ಗಿತ್ತು. ಅದೂ ಶ್ರುತಿಗಿಂತ ಒಂದೆಳೆ ಮೇಲಕ್ಕೆ. ಸ್ಟುಡಿಯೋ ಬಿಟ್ಟುಕೊಡಬೇಕಾದ ಹೊತ್ತಾಗಿತ್ತು, ಇನ್ನೊಮ್ಮೆ ಹಾಡಿಸಲು ಆಗಲಿಲ್ಲ. ಮೇಳದ ಮೇಷ್ಟ್ರು ಒಂದೇ ಒಂದು ಪುಟ್ಟ ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡು, "ಕಿಟಕಿ ಕಡೆ ನಿಂತಿದ್ಯಲ್ಲ, ನೀನೇ. ಜ್ವರದ ಗಂಟಲು ಇಟ್ಕೊಂಡು ಯಾಕಮ್ಮ ಬಂದೆ?" ಅಂದರು. ಅವಳಿಗೆ ಅವತ್ತು ಜ್ವರ ಇದ್ದದ್ದು ನಿಜ. ತಾನೇ ಇರಬೇಕು ಅಂದುಕೊಂಡಳು. ಮರುದಿನದಿಂದ ಮೇಳದಲ್ಲಿ ಅವಳಿಗೆ ಜಾಗವಿರಲಿಲ್ಲ. ವರ್ಷದೊಳಗೆ ಎಕ್ಸ್‌ಚೇಂಜು ಸೇರಿದಳು. ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ ಅದು ಕೇಳಿಸದಿರಲೆಂದು ಎದ್ದು ಹೋಗಿ ನಲ್ಲಿ ತಿರುಗಿಸುತ್ತಿದ್ದಳು. ಆಮೇಲೆ ಬಾಯಿಬಿಟ್ಟು ಒಂದು ಸಾಲನ್ನೂ ಹಾಡಲಿಲ್ಲ.

"ಅಮ್ಮಾ, ನೀನು ಮಧ್ಯದಲ್ಲಿ ಕೂತ್ಕೋ," ಎಂದು ಮಗಳು ಕುರ್ಚಿ ಎಳೆದು ಹಾಕಿದಳು. ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದವಳು, ನರ್ಸಿನ ಬಟ್ಟೆಯಲ್ಲೇ ನೆಲದ ಮೇಲೆ ಕೂತಳು.

ಹಾಡು ಶುರುವಾಯಿತು. ಗಾಯಕಿ ಎದುರಿಗೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತುಬಿಟ್ಟರು. ಅವರು ತುಟಿ ತೆರೆದದ್ದು ಕೇಳಿಸಿತು. ಹಿಂದೆ ಎಲ್ಲೋ ಯಾರೋ ಕಾಗದ ಸರಿಸಿದ್ದು ಕೇಳಿಸಿತು. ಮಗಳು "ಅಬ್ಬಾ" ಅಂದಳು. ಆಪರೇಟರಮ್ಮನ ಕಿವಿಗೆ ಇದ್ಯಾವುದೂ ಬೀಳಲಿಲ್ಲ. ಅವಳು ಆ ಒಂದು ಜಾಗಕ್ಕಾಗಿ ಕಾಯುತ್ತಿದ್ದಳು. ಬಂತು. ಬಲಗಡೆಯ ಸ್ಪೀಕರಿನ ಆಚೆ ತುದಿಯಿಂದ ಒಂದು ದನಿ ಮುಂದೆ ನುಗ್ಗಿತು.

ಕೇಳುವವರ ಕಡೆಯಿಂದ ನೋಡಿದರೆ ಸ್ಟುಡಿಯೋದ ಕಿಟಕಿ ಇದ್ದದ್ದು ಬಲಕ್ಕೆ. ಬಲತುದಿಗೆ ನಿಂತಿದ್ದವಳು ಅವಳೇ.

"ನಿಲ್ಲಿಸಿ," ಅಂದಳು.

"ಇನ್ನೂ ಒಂದೇ ಚರಣ ಅತ್ತೆ..."

"ಸಾಕು, ನಿಲ್ಲಿಸಿ ಅಂದೆ."

ಅವಳು ಒಳಗೆ ಹೋದಳು. "ನಿಮಗೆ ಯಾರ್ರೀ ಹೇಳಿದ್ದು ಇದನ್ನೆಲ್ಲ ಹುಡುಕಿ ತರೋಕೆ?" ಎಂದು ಮಗಳು ಪಿಸುಗುಟ್ಟುವುದು, "ಖುಷಿಪಡ್ತಾರೆ ಅಂದ್ಕೊಂಡೆ ಕಣೇ" ಎಂದು ಅಳಿಯ ದನಿ ಸಣ್ಣ ಮಾಡಿಕೊಳ್ಳುವುದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳ ಕಿವಿಯಿಂದ ಯಾವುದು ತಾನೇ ತಪ್ಪಿಸಿಕೊಳ್ಳುತ್ತಿತ್ತು.

ಸೋಮವಾರ ಬೆಳಿಗ್ಗೆ ಅಳಿಯ ಕೆಲಸಕ್ಕೆ ಹೊರಡುವ ಮೊದಲು, ಗುಂಯ್ ಅನ್ನುವುದು ನಿಜವಾಗಿಯೂ ಹೋಗಿದೆಯೋ ನೋಡೋಣವೆಂದು ದನಿ ತಗ್ಗಿಸಿ ಹಾಡನ್ನು ಮತ್ತೆ ಹಚ್ಚಿದ. ಆ ಜಾಗ ದಾಟಿತು, ಎರಡನೇ ಚರಣ ಶುರುವಾಯಿತು, ಪಿಯಾನೊ ಸೇರಿಕೊಂಡಿತು. ನೆಲ ಒರೆಸಲು ಬಕೆಟ್ ಹಿಡಿದು ಹಾದುಹೋಗುತ್ತಿದ್ದ ಆಪರೇಟರಮ್ಮ ನಡುಕೋಣೆಯಲ್ಲಿ ಗಕ್ಕನೆ ನಿಂತಳು.

"ಪಿಯಾನೊ ಯಾಕೆ ಈ ಕಡೆ ಇದೆ?"

"ಅಂದ್ರೆ?"

"ಪಿಯಾನೊ ರೀ. ಕಿಟಕಿ ಕಡೆಯಿಂದ ಬರ್ತಿದೆಯಲ್ಲ. ಅದು ಇದ್ದಿದ್ದು ಬಾಗಿಲ ಪಕ್ಕ. ನಾಲ್ಕು ಜನ ಸೇರಿದ್ರೂ ಅಲುಗಾಡಿಸೋಕೆ ಆಗ್ತಿರ್ಲಿಲ್ಲ ಅದನ್ನ. ಬಾಗಿಲು ಎಡಕ್ಕೆ, ಕಿಟಕಿ ಬಲಕ್ಕೆ."

"ಅತ್ತೆ, ನಲವತ್ತು ವರ್ಷದ ಹಿಂದಿನ ಮಾತು..."

"ನಲವತ್ತೊಂದು. ನಿಮ್ಮ ವೈರು ನೋಡಿ."

"ವೈರು ಸರಿಯಾಗೇ ಹಾಕಿದೀನಿ."

"ನೋಡಿ ಅಂದೆ."

ಇಸ್ತ್ರಿ ಅಂಗಿಯಲ್ಲೇ ಅಳಿಯ ಮತ್ತೆ ಸಂದಿಗೆ ತೂರಿದ. ಒಳಗೆ ವೈರುಗಳು ಸರಿದಾಡಿದವು. ಆಮೇಲೆ ಬಾವಿಯ ತಳದಿಂದ ಬಂದಂಥ ದನಿ: "ಅಯ್ಯೋ ನನ್ನ! ಕೆಂಪು ಎಡಕ್ಕೆ ಹೋಗಿದೆ. ಕೈಯಲ್ಲೇ ತಡವಿ ಹಾಕಿದ್ನಲ್ಲ."

ಅವನು ವೈರು ಬದಲಿಸಿ, ಹಾಡನ್ನು ಮೊದಲಿಂದ ಹಚ್ಚಿದ. ಆಪರೇಟರಮ್ಮ ಬಕೆಟ್ಟು ಕೆಳಗಿಟ್ಟು ಕುರ್ಚಿಯಲ್ಲಿ ಕೂತು ಕಣ್ಣುಮುಚ್ಚಿದಳು. ಈ ಸಲ ಅವಳು ಎಕ್ಸ್‌ಚೇಂಜಿನಲ್ಲಿ ಕೇಳುತ್ತಿದ್ದ ಹಾಗೆ ಕೇಳಿದಳು. ಎಡತುದಿಯಲ್ಲಿ, ಪಿಯಾನೊ ಇರಬೇಕಾದ ಕಡೆ, ಒಂದು ಚುರುಕಾದ ಉಸಿರು, ಹೆದರಿದ ಹಕ್ಕಿಯ ಹಾಗೆ. ಅದರ ಹಿಂದೆಯೇ ನುಗ್ಗಿದ ಆ ದನಿ. ಆ ಉಸಿರು ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಪ್ರತಿ ಗುರುವಾರ ಈ ಮನೆಯ ಮೆಟ್ಟಿಲು ಹತ್ತಿ ಬಂದು, ಮಾತು ಶುರು ಮಾಡುವ ಮುಂಚೆ ಅವಳೆದುರಿಗೇ ಎಳೆದುಕೊಳ್ಳುವ ಉಸಿರು ಅದು.

"ಯಾರತ್ತೆ ಅದು, ತಪ್ಪು ಮಾಡಿದ್ದು?"

"ಯಾರೋ," ಅಂದಳು ಆಪರೇಟರಮ್ಮ. "ನಿಮಗೆ ಹೊತ್ತಾಯ್ತು, ಹೊರಡಿ. ಹೋಗೋ ಮುಂಚೆ ಇದನ್ನ ಹಚ್ಚೋದು ಹೇಗೆ ಅಂತ ತೋರಿಸಿಕೊಡಿ."

"ಸ್ವಲ್ಪ ಗೋಜಲು..."

"ಅರವತ್ತು ತೂತಿನ ಸ್ವಿಚ್‌ಬೋರ್ಡು ಆಡಿಸಿದವಳು ನಾನು. ತೋರಿಸಿ."

ಮೂರು ದಿನ ಅವಳು ಅದನ್ನು ಒಬ್ಬಳೇ ಕೇಳಿದಳು. ಮೊದಲ ದಿನ ಸಿಟ್ಟಿನಿಂದ ಕೇಳಿದಳು, ತಪ್ಪಿನ ಜಾಗ ಬಂದೊಡನೆ ನಿಲ್ಲಿಸಿ ಮತ್ತೆ ಹಿಂದಕ್ಕೆ ಹೋಗುತ್ತ. ಎರಡನೆಯ ದಿನ ನಿಲ್ಲಿಸುವುದು ಮರೆತುಹೋಗಿ ಹಾಡು ಮುಂದಕ್ಕೆ ಹೋಯಿತು. ತಪ್ಪಿನ ನಂತರದ ನಾಲ್ಕು ಕ್ಷಣ ಅವಳ ಕಿವಿಗೆ ಬಿದ್ದದ್ದು ಆಗಲೇ. ಮೂರನೆಯ ದಿನ ಆ ನಾಲ್ಕು ಕ್ಷಣವನ್ನೇ ಕೇಳಿದಳು. ಗುರುವಾರ ಬರುವ ಗೆಳತಿಗೆ ಹೇಳಬೇಕಾದ ಮಾತುಗಳನ್ನು ಪಾತ್ರೆ ತೊಳೆಯುತ್ತ ಜೋಡಿಸಿಕೊಂಡಳು.

ಗುರುವಾರ ಮಧ್ಯಾಹ್ನ ಗುಬ್ಬಿ ಬಂದಳು. ಮೇಳದಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದವಳೆಂದು ಇಟ್ಟ ಹೆಸರು, ಎಪ್ಪತ್ತು ದಾಟಿದರೂ ಹೋಗಿರಲಿಲ್ಲ. ಆಪರೇಟರಮ್ಮ ಹೊರಬಿದ್ದ ಮೇಲೂ ಹನ್ನೆರಡು ವರ್ಷ ಮೇಳದಲ್ಲಿ ಹಾಡಿದವಳು.

"ಇದೇನೇ ಇದು, ನಡುಕೋಣೇಲಿ ಎರಡು ಬೀರು ತಂದು ನಿಲ್ಲಿಸಿದೀರ?"

"ಸ್ಪೀಕರು. ಕೂತ್ಕೋ. ಅಲ್ಲಲ್ಲ, ಮಧ್ಯದ ಕುರ್ಚೀಲಿ."

ಕೈಗೆ ಚಹಾ ಕೊಟ್ಟು ಆಪರೇಟರಮ್ಮ ಹಾಡು ಹಚ್ಚಿದಳು. ಗುಬ್ಬಿ ಮೊದಲು ಬೆರಗಾದಳು, ಆಮೇಲೆ ನಕ್ಕಳು, "ಲೇ, ಕಾಗದ ಸರಿಸಿದ್ದು ನಮ್ಮ ಪಿಯಾನೊದವನು!" ಅಂದಳು. ಆಮೇಲೆ ಆ ಜಾಗ ಬಂತು. ಎಡಗಡೆಯಿಂದ ಉಸಿರು, ಅದರ ಹಿಂದೆ ದನಿ. ಗುಬ್ಬಿಯ ಕೈಯಲ್ಲಿ ಲೋಟ ನಿಂತಲ್ಲೇ ನಿಂತಿತು.

ಆಪರೇಟರಮ್ಮ ಹಾಡು ನಿಲ್ಲಿಸಿದಳು.

"ಯಾವತ್ತಿಂದ ಗೊತ್ತು ನಿಂಗೆ?" ಗುಬ್ಬಿ ಕೇಳಿದಳು.

"ಸೋಮವಾರದಿಂದ. ನಿಂಗೆ?"

"ಹಾಡಿದ ಗಳಿಗೆಯಿಂದ."

ಗುಬ್ಬಿ ಲೋಟವನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಕೆಳಗೆ ಯಾರೋ ಸೈಕಲ್ಲಿನ ಸ್ಟ್ಯಾಂಡು ಹಾಕಿದ್ದು ಕೇಳಿಸಿತು.

"ಹೇಳ್ಬೇಕು ಅಂತ ಮೇಷ್ಟ್ರ ಕೋಣೆ ಬಾಗಿಲ ತನಕ ಹೋಗಿದ್ದೆ ಕಣೇ. ನಮ್ಮನೆಯವರು ಬಿಟ್ಟುಹೋಗಿ ಆಗಿನ್ನೂ ಮೂರು ತಿಂಗಳು, ಮನೇಲಿ ಎರಡು ಮಕ್ಕಳು. ಬಾಗಿಲು ತಟ್ಟೋಕೆ ಕೈ ಏಳಲಿಲ್ಲ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೇ ಇಷ್ಟು ವರ್ಷ ಆಯ್ತು. ಪ್ರತಿ ಗುರುವಾರ ಮೆಟ್ಟಿಲು ಹತ್ತುವಾಗ ಇವತ್ತು ಹೇಳೇಬಿಡ್ತೀನಿ ಅಂತಾನೇ ಹತ್ತುತಿದ್ದೆ."

ಜೋಡಿಸಿಟ್ಟ ಮಾತುಗಳಲ್ಲಿ ಆಪರೇಟರಮ್ಮನ ಬಾಯಿಗೆ ಬಂದದ್ದು ಒಂದೇ.

"ನಾನು ಜೋಗುಳಾನೂ ಹಾಡ್ಲಿಲ್ಲ ಕಣೇ. ನನ್ನ ಮಗಳನ್ನ ಸುಮ್ಮನೆ ತಟ್ಟಿ ತಟ್ಟಿ ಮಲಗಿಸಿದೆ."

ಗುಬ್ಬಿ ತಲೆ ತಗ್ಗಿಸಿದಳು. ಮೊಣಕಾಲ ಮೇಲಿದ್ದ ಲೋಟದ ಅಂಚಿನಲ್ಲಿ ಅವಳ ಹೆಬ್ಬೆರಳು ಸುಮ್ಮನೆ ಸುತ್ತುತ್ತಿತ್ತು. ಕ್ಷಮಿಸು ಅನ್ನಲು ಬಾಯಿ ತೆರೆದಳೋ ಏನೋ, ಆಪರೇಟರಮ್ಮ ಕೈಯೆತ್ತಿ ತಡೆದಳು.

"ಅಳೋದಿದ್ರೆ ಆಮೇಲೆ ಅಳುವಿಯಂತೆ. ನಿನ್ನ ತಪ್ಪು ಕೇಳಿಸೋಕೆ ಕೂರಿಸಿಲ್ಲ ನಿನ್ನ. ಅದರ ಮುಂದಿಂದು ಕೇಳು. ಬಲಗಡೆ ಕಿವಿ ಇಡು."

ಅವಳು ಹಾಡನ್ನು ಸ್ವಲ್ಪ ಹಿಂದಕ್ಕೆ ಒಯ್ದು ಹಚ್ಚಿದಳು, ದನಿ ಏರಿಸಿದಳು. ಎಡಗಡೆಯ ದನಿ ಮುಂದೆ ನುಗ್ಗಿದಾಗ ನಡುವಿನ ನಾಲ್ಕೂ ದನಿಗಳು ಬೆಚ್ಚಿ, ಅದರ ಹಿಂದೆ ಹೋಗುವುದೋ ಬೇಡವೋ ಎಂದು ಅಲ್ಲಾಡಿದವು. ಹಾಡು ಇನ್ನೇನು ಕೈಬಿಟ್ಟುಹೋಗಬೇಕು. ಆಗ ಬಲತುದಿಯಲ್ಲಿ ಒಂದು ದನಿ, ತಗ್ಗಿನದು, ಕೊಂಚ ಒರಟಾದದ್ದು, ತನ್ನ ಹೊತ್ತಿಗೆ ಸರಿಯಾಗಿ ತನ್ನ ಸ್ವರವನ್ನು ಎತ್ತಿಕೊಂಡಿತು. ಅಲ್ಲೇ ಕಾಲೂರಿ ನಿಂತಿತು. ಅವಸರ ಮಾಡಲಿಲ್ಲ, ಜಗ್ಗಲಿಲ್ಲ. ಪಕ್ಕದ ದನಿ ಅದರ ಹತ್ತಿರಕ್ಕೆ ಬಂತು, ಅದರ ಪಕ್ಕದ್ದೂ ಬಂತು. ಕಡೆಗೆ ಎಡತುದಿಯದೂ ಇಳಿದು ಬಂದು ಸೇರಿಕೊಂಡಿತು. ಗಾಯಕಿ ಮುಂದಿನ ಸಾಲು ತೆಗೆದುಕೊಳ್ಳುವ ಹೊತ್ತಿಗೆ ಆರೂ ಒಂದಾಗಿದ್ದವು.

ಗುಬ್ಬಿ ಬಹಳ ಹೊತ್ತು ಬಲಗಡೆಯ ಸ್ಪೀಕರನ್ನೇ ನೋಡಿದಳು.

"ನಿನ್ನ ದನಿ ಹಿಡ್ಕೊಂಡೇ ನಾನು ವಾಪಸ್ ಬಂದಿದ್ದು," ಅಂದಳು. "ಎಷ್ಟಿತ್ತೇ ಜ್ವರ ಅವತ್ತು?"

"ನೂರಾ ಎರಡು."

"ನೂರಾ ಎರಡು ಜ್ವರದಲ್ಲಿ ಐದು ಜನಾನೂ ಎತ್ಕೊಂಡು ಬಂದಿದೀಯಲ್ಲೇ, ಮಾರಾಯ್ತಿ!"

"ಹೂಂ," ಅಂದಳು ಆಪರೇಟರಮ್ಮ. "ಬಂದಿದೀನಿ."

ಆ ಮಾತಿಗೆ ಅವಳು ನಾಚಲಿಲ್ಲ, ಅಯ್ಯೋ ಅದೇನು ಮಹಾ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಗುಬ್ಬಿಯ ಮೇಲಿನ ಸಿಟ್ಟು ಇನ್ನೂ ಎದೆಯಲ್ಲಿ ಒಂದು ಕಡೆ ಇತ್ತು. ಎಷ್ಟು ದಿನ ಇರುತ್ತದೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ಈಗ ಬೇರೊಂದು ಬಂದು ಕೂತಿತ್ತು, ಅದಕ್ಕಿಂತ ಮೈಕೈ ತುಂಬಿಕೊಂಡದ್ದು.

"ಇನ್ನೊಂದ್ಸಲ ಹಾಕೇ," ಅಂದಳು ಗುಬ್ಬಿ. "ಇದಕ್ಕಿಂತ ಜೋರು ಬರಲ್ವಾ?"

"ಬರಲ್ವಾ ಅಂತೀಯ? ನಮ್ಮ ಅಳಿಯ ಜೋಡಿಸಿರೋದು."

ಆಪರೇಟರಮ್ಮ ಎದ್ದು ಬೀದಿ ಕಡೆಯ ಎರಡೂ ಕಿಟಕಿಗಳನ್ನು ಪೂರ್ತಿ ತೆರೆದಳು. ಆಂಪ್ಲಿಫಯರಿನ ಗುಂಡಿಯನ್ನು ಅಳಿಯ ಎಂದೂ ಮುಟ್ಟದಷ್ಟು ಮುಂದಕ್ಕೆ ತಿರುಗಿಸಿದಳು. ಹಾಡು ಕೋಣೆ ತುಂಬಿ, ಕಿಟಕಿ ದಾಟಿ, ಬಿಸಿಲು ಬಿದ್ದ ಬೀದಿಗೆ ಇಳಿಯಿತು.

ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ತಂತಿಗೆ ಹಾಕುವುದು ಮರೆತು, ಹಾಡು ಮುಗಿಯುವ ತನಕ ಅಲ್ಲೇ ನಿಂತಳು. ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕಿ ಅವಳ ಪಾದದ ಮೇಲೆ ಬೀಳುತ್ತಿತ್ತು.